ಐದನೆಯ ಪಂದ್ಯ

ರಾರಿಟನ್ ಹೆರಾನ್ಸ್ ತಂಡ ಆ ವರ್ಷ ಲೀಗ್ ಪಂದ್ಯಗಳು ಮುಗಿದ ಮೇಲಿನ ಪೋಸ್ಟ್‌ಸೀಸನ್‌ವರೆಗೆ ಬರುತ್ತದೆಂದು ಯಾರೂ ಎಣಿಸಿರಲಿಲ್ಲ. ಮೇ ತಿಂಗಳಲ್ಲಿ ಅದು ಪಟ್ಟಿಯ ತಳದಲ್ಲಿತ್ತು. ಜುಲೈಯಲ್ಲಿ ಗೆಲ್ಲತೊಡಗಿತು, ಆಗಸ್ಟ್ ಪೂರ್ತಿ ಗೆಲ್ಲುತ್ತಲೇ ಹೋಯಿತು, ಸೆಪ್ಟೆಂಬರ್ ಹೊತ್ತಿಗೆ ಕೊನೆಯ ನಾಲ್ಕು ತಂಡಗಳಲ್ಲಿ ಒಂದಾಗಿ ಉಳಿಯಿತು. ಸೆಮಿಫೈನಲ್ ದಾಟಿದ ಮೇಲೆ ಇನ್ನಿದ್ದದ್ದು ಚಾಂಪಿಯನ್‌ಷಿಪ್ ಸರಣಿ. ಐದು ಪಂದ್ಯಗಳಲ್ಲಿ ಮೂರು ಗೆದ್ದವರಿಗೆ ಟ್ರೋಫಿ. ಎದುರಾಳಿ ಹಡ್ಸನ್ ಪೈಲಟ್ಸ್.

ಇದು ಟೀವಿಯಲ್ಲಿ ಬರುವ ದೊಡ್ಡ ಲೀಗ್ ಅಲ್ಲ. ದೊಡ್ಡ ಕ್ಲಬ್ಬುಗಳು ಒಮ್ಮೆ ಆರಿಸಿ ಆಮೇಲೆ ಕೈಬಿಟ್ಟವರು, ಆಪರೇಷನ್ ಮಾಡಿಸಿಕೊಂಡು ಮರಳಿದವರು, ಇನ್ನೊಂದು ವರ್ಷ ನೋಡೋಣ ಎಂದುಕೊಂಡವರು ಸೇರಿ ಆಡುವ ಸ್ವತಂತ್ರ ಬೇಸ್‌ಬಾಲ್ ಲೀಗ್. ಊರಿಂದ ಊರಿಗೆ ಬಸ್ಸಿನಲ್ಲೇ ಓಡಾಟ. ರೂಟ್ ಒನ್ ಹೆದ್ದಾರಿಯಿಂದ ಒಳಕ್ಕೆ ತಿರುಗಿ ವೇರ್‌ಹೌಸ್‌ಗಳ ಸಾಲನ್ನು ದಾಟಿದರೆ ಹೆರಾನ್ಸ್ ತಂಡದ ಪುಟ್ಟ ಸ್ಟೇಡಿಯಂ ಕಾಣುತ್ತದೆ. ಬೇಸಿಗೆಯಲ್ಲಿ ಅರ್ಧ ತುಂಬಿದರೆ ಹೆಚ್ಚು. ಸರಣಿ ಶುರುವಾದ ಮೇಲೆ ಮಾತ್ರ ಪಾರ್ಕಿಂಗ್ ಸಿಗದೆ ಜನ ವೇರ್‌ಹೌಸ್‌ಗಳ ಮುಂದೆ ಕಾರು ನಿಲ್ಲಿಸಿ ನಡೆದು ಬರತೊಡಗಿದರು.

ತಹ್ರೀಮ್ ಆ ತಂಡದ ಅಥ್ಲೆಟಿಕ್ ಟ್ರೈನರ್. ಹಾಗೆಂದರೆ ಜಿಮ್ಮಿನಲ್ಲಿ ಭಾರ ಎತ್ತಿಸುವ ಕೆಲಸವಲ್ಲ. ಆಟಗಾರರ ಉಳುಕು, ಊತ, ನೋವುಗಳನ್ನು ನೋಡಿಕೊಳ್ಳುವುದು, ಒಬ್ಬ ಆಟಗಾರ ಆಡುವ ಸ್ಥಿತಿಯಲ್ಲಿ ಇದ್ದಾನೋ ಇಲ್ಲವೋ ಎಂದು ತಂಡವನ್ನು ಆಡಿಸುವ ಮ್ಯಾನೇಜರಿಗೆ ಹೇಳುವುದು ಅವಳ ಜವಾಬ್ದಾರಿ. ಮೈಸೂರಿನಲ್ಲಿ ಹುಟ್ಟಿ, ನಾಲ್ಕನೇ ಕ್ಲಾಸು ಮುಗಿಸಿ ಅಪ್ಪ ಅಮ್ಮನ ಜೊತೆ ಕೆಂಡಲ್ ಪಾರ್ಕ್ ಎಂಬ ಊರಿಗೆ ಬಂದವಳು. ಮನೆಯಲ್ಲಿ ಉರ್ದು, ಹೊರಗೆ ಇಂಗ್ಲಿಷ್. ಕನ್ನಡ ಮಾತಾಡಲು ಅವಕಾಶ ಸಿಗುತ್ತಿದ್ದದ್ದು, ಅವಳಿಗೇ ವಿಚಿತ್ರವೆನಿಸುವ ಹಾಗೆ, ಈ ಬೇಸ್‌ಬಾಲ್ ಮೈದಾನದಲ್ಲಿ.

ಕಾರಣ ಶಿವ್. ಹೆರಾನ್ಸ್ ತಂಡದ ಎಡಗೈ ಪಿಚರ್. ಈಸ್ಟ್ ಬ್ರನ್ಸ್‌ವಿಕ್‌ನಲ್ಲೇ ಹುಟ್ಟಿ ಬೆಳೆದವನು. ಕ್ರಿಕೆಟ್ಟಿನಲ್ಲಿ ಬೌಲರ್ ಇದ್ದ ಹಾಗೆ ಬೇಸ್‌ಬಾಲಿನಲ್ಲಿ ಪಿಚರ್. ಆದರೆ ಇಲ್ಲಿ ಪಂದ್ಯಕ್ಕೆ ಒಂಬತ್ತು ಪುಟ್ಟ ಇನ್ನಿಂಗ್ಸ್, ಒಬ್ಬನೇ ಇನ್ನಿಂಗ್ಸಿನ ಮೇಲೆ ಇನ್ನಿಂಗ್ಸ್ ಎಸೆಯುತ್ತ ಹೋಗುವುದರಿಂದ ಇಡೀ ಪಂದ್ಯ ಅವನ ಭುಜದ ಮೇಲೆ ನಿಂತಿರುತ್ತದೆ. ಕಾಲೇಜು ಮುಗಿಸಿದಾಗ ಒಂದು ದೊಡ್ಡ ಕ್ಲಬ್ಬು ಅವನನ್ನು ಆರಿಸಿಕೊಂಡಿತ್ತು. ಎರಡನೇ ವರ್ಷ ಮೊಣಕೈಯ ಲಿಗಮೆಂಟ್ ಹರಿಯಿತು, ಆಪರೇಷನ್ ಆಯಿತು, ಕ್ಲಬ್ಬು ಕೈಬಿಟ್ಟಿತು. ಹೆರಾನ್ಸ್‌ಗೆ ಬಂದು ಮೂರು ವರ್ಷವಾಗಿತ್ತು. ಅವನ ತಾಯಿ ಮಾಧವಿ ತವರಿನ ಪ್ರತಿ ಪಂದ್ಯಕ್ಕೂ ಬಂದು ಮೂರನೇ ಬೇಸ್ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದರು. ಟ್ರೈನರ್ ಹುಡುಗಿ ಮೈಸೂರಿನವಳೆಂದು ತಿಳಿದ ದಿನದಿಂದ ಮಗನಿಗಿಂತ ಮೊದಲು ಅವಳನ್ನು ಮಾತಾಡಿಸುತ್ತಿದ್ದರು. "ಏನಮ್ಮ, ಊಟ ಆಯ್ತಾ? ಇವನು ಸರಿಯಾಗಿ ಸ್ಟ್ರೆಚ್ ಮಾಡ್ತಾನಾ?" ಎಂದು ಬೇಲಿಯಾಚೆಯಿಂದಲೇ ಕೇಳುವರು. ಶಿವ್‌ಗೆ ಕನ್ನಡ ಅರ್ಥವಾಗುತ್ತಿತ್ತು. ಉತ್ತರ ಕೊಡುತ್ತಿದ್ದದ್ದು ಇಂಗ್ಲಿಷಿನಲ್ಲಿ.

ಸರಣಿಯ ಮೊದಲ ಪಂದ್ಯದಲ್ಲಿ ಶಿವ್ ಏಳು ಇನ್ನಿಂಗ್ಸ್ ಎಸೆದು ಒಂದೂ ರನ್ ಕೊಡಲಿಲ್ಲ, ಹೆರಾನ್ಸ್ ಗೆದ್ದಿತು. ಮುಂದಿನ ಎರಡನ್ನು ಪೈಲಟ್ಸ್ ಗೆದ್ದರು, ನಾಲ್ಕನೆಯದನ್ನು ಹೆರಾನ್ಸ್ ಗೆದ್ದಿತು. ಐದನೆಯ ಪಂದ್ಯ ಭಾನುವಾರ ಮಧ್ಯಾಹ್ನ, ಹೆರಾನ್ಸ್ ಮೈದಾನದಲ್ಲಿ. ಎಸೆಯುವವನು ಶಿವ್ ಎಂದು ಮ್ಯಾನೇಜರ್ ಡೇನಿಯಲ್ ಹಿಂದಿನ ದಿನವೇ ಹೇಳಿಬಿಟ್ಟಿದ್ದ. ತೈವಾನಿನ ಒಂದು ಕ್ಲಬ್ಬಿನ ಪ್ರತಿನಿಧಿ ಶಿವ್‌ನನ್ನು ನೋಡಲೆಂದೇ ಬರುತ್ತಾನೆಂಬ ಸುದ್ದಿಯೂ ತಂಡದಲ್ಲಿ ಹರಡಿತ್ತು. ಆ ಕ್ಲಬ್ಬಿಗೆ ಮುಂದಿನ ವರ್ಷಕ್ಕೆ ಒಬ್ಬ ಪಿಚರ್ ಬೇಕಿತ್ತು. ಶಿವ್‌ಗೆ ಇಪ್ಪತ್ತೊಂಬತ್ತು. ಇಂಥ ಕರೆ ಇನ್ನೊಮ್ಮೆ ಬರುವುದೆಂದು ನಂಬುವ ವಯಸ್ಸು ಅವನದಾಗಿರಲಿಲ್ಲ.

ಭಾನುವಾರ ಆಟಕ್ಕೆ ಮುಂಚೆ ಅವನು ಟ್ರೈನಿಂಗ್ ರೂಮಿಗೆ ಬಂದು ಮೇಜಿನ ಮೇಲೆ ಮಲಗಿದ. ತಹ್ರೀಮ್ ಎಂದಿನಂತೆ ಭುಜ ತಿರುಗಿಸಿದಳು, ಮೊಣಕೈ ಮಡಿಸಿ ಬಿಡಿಸಿದಳು. ಅವನು ಎಂದಿಗಿಂತ ಹೆಚ್ಚು ಮಾತಾಡುತ್ತಿದ್ದ. ಟ್ರಾಫಿಕ್ಕು, ಬಿಸಿಲು, ಅಮ್ಮ ಬೆಳಿಗ್ಗೆ ಎಬ್ಬಿಸಿ ದೇವರಿಗೆ ಕೈ ಮುಗಿಸಿದ್ದು, ಎಲ್ಲವನ್ನೂ ಹೇಳಿದ. ಎದ್ದು ಜರ್ಸಿ ಹಾಕಿಕೊಂಡ. ಗುಂಡಿಗಳನ್ನು ಬಲಗೈಯೊಂದರಲ್ಲೇ ಹಾಕಿಕೊಳ್ಳತೊಡಗಿದ. ಅವನು ಎಡಚ.

"ಎಡಗೈಯಲ್ಲಿ ಹಾಕ್ಕೋ ನೋಡೋಣ" ಎಂದಳು ತಹ್ರೀಮ್.

"ವಾಟ್?"

"ಗುಂಡಿ. ಎಡಗೈಯಲ್ಲಿ."

ಅವನು ನಕ್ಕ. ಎಡಗೈ ಎತ್ತಿದ, ಒಂದು ಗುಂಡಿಯನ್ನು ಹಿಡಿದ, ಅದು ಜಾರಿತು. ಮತ್ತೆ ಹಿಡಿದ. ತಹ್ರೀಮ್ ಮೇಜಿನ ಮೇಲಿದ್ದ ಒಂದು ಇಸ್ಪೀಟ್ ಎಲೆ ತೆಗೆದು ಅವನ ಉಂಗುರದ ಬೆರಳು ಮತ್ತು ಕಿರುಬೆರಳ ನಡುವೆ ಇಟ್ಟಳು. ಬಿಗಿಯಾಗಿ ಹಿಡಿದುಕೋ ಎಂದು ಹೇಳಿ ಎಳೆದಳು. ಎಲೆ ಯಾವ ತಡೆಯೂ ಇಲ್ಲದೆ ಹೊರಗೆ ಬಂತು. ಬಲಗೈಯಲ್ಲಿ ಅದೇ ಪರೀಕ್ಷೆ ಮಾಡಿದಳು. ಅಲ್ಲಿ ಎಲೆ ಅಲ್ಲಾಡಲಿಲ್ಲ.

"ಯಾವಾಗಿನಿಂದ?"

ಶಿವ್ ಬಾಗಿಲ ಕಡೆ ನೋಡಿದ. ಯಾರೂ ಇರಲಿಲ್ಲ. ಎಂದಿನಂತೆ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟ. "ಫಸ್ಟ್ ಗೇಮ್ ಆದ ಮಾರನೇ ದಿನದಿಂದ. ನೋವಿಲ್ಲ, ಐ ಸ್ವೇರ್. ನೋವಿದ್ದಿದ್ದರೆ ಹೇಳ್ತಿದ್ದೆ. ಬರೀ ಜೋಮು."

"ಎರಡು ಬೆರಳೂ?"

"ಎರಡೇ ಬೆರಳು. ಬಾಲ್ ಹಿಡಿಯೋದು ಈ ಮೂರರಲ್ಲಿ." ಹೆಬ್ಬೆರಳು, ತೋರುಬೆರಳು, ನಡುಬೆರಳು ಚಾಚಿ ತೋರಿಸಿದ. "ಈ ಮೂರೂ ಪರ್ಫೆಕ್ಟ್. ನಿನ್ನೆ ಗೋಡೆಗೆ ಎಸೆದು ನೋಡಿದ್ದೀನಿ."

"ಆಪರೇಷನ್ ಆದ ಮೊಣಕೈ ಇದು. ನರ ಒತ್ತಿಕೊಂಡಿದೆ. ಆಡ್ತಾ ಆಡ್ತಾ ಜೋಮು ಮೇಲಕ್ಕೆ ಹತ್ತಿದರೆ ಏನು ಮಾಡ್ತೀಯ? ಬಾಲ್ ಎಲ್ಲಿಗೆ ಹೋಗ್ತಿದೆ ಅಂತ ನಿನಗೇ ತಿಳಿಯದೆ ಹೋದರೆ? ಎದುರಿಗೆ ಒಬ್ಬ ಮನುಷ್ಯ ನಿಂತಿರ್ತಾನೆ, ಶಿವ್."

"ಒನ್ ಡೇ, ತಹ್ರೀಮ್. ಇವತ್ತೊಂದು ದಿನ ಸುಮ್ಮನಿರು. ನಾಳೆ ಆರು ತಿಂಗಳು ಕೈ ಮುಟ್ಟಬೇಡ ಅಂದರೂ ಮುಟ್ಟಲ್ಲ."

ಅವನ ದನಿಯಲ್ಲಿ ಬೇಡಿಕೆಯಿತ್ತು, ಬೆದರಿಕೆ ಇರಲಿಲ್ಲ. ಅದು ಅವಳಿಗೆ ಹೆಚ್ಚು ಕಷ್ಟವಾಯಿತು. ಅವಳು ಹೊರಗೆ ಬಂದು ತಂಡದ ಡಾಕ್ಟರಿಗೆ ಫೋನ್ ಮಾಡಿದಳು. ಅವರು ಪೆನ್ಸಿಲ್ವೇನಿಯಾದಲ್ಲಿ ಯಾರದೋ ಮದುವೆಯಲ್ಲಿದ್ದರು, ಹಿಂದೆ ಬ್ಯಾಂಡಿನ ಸದ್ದು. ಕೈ ನೋಡದೆ ಏನೂ ಹೇಳಲಾಗುವುದಿಲ್ಲ, ನಿನಗೆ ಸಂಶಯವಿದ್ದರೆ ಆಡಿಸಬೇಡ ಎಂದರು. ಸಂಶಯವಿದೆಯೇ ಎಂದು ಅವಳು ತನ್ನನ್ನೇ ಕೇಳಿಕೊಂಡಳು. ಇತ್ತು. ಎರಡೂ ಕಡೆಗೆ ಇತ್ತು. ಮೈದಾನದಲ್ಲಿ ಆಗಲೇ ಪೈಲಟ್ಸ್ ಆಟಗಾರರು ಬ್ಯಾಟಿಂಗ್ ಅಭ್ಯಾಸ ನಡೆಸಿದ್ದರು. ಮೂರನೇ ಬೇಸ್ ಹಿಂದೆ ಮಾಧವಿ ಛತ್ರಿ ಬಿಡಿಸುತ್ತಿದ್ದದ್ದು ಅಲ್ಲಿಂದಲೇ ಕಂಡಿತು. ತಹ್ರೀಮ್ ಹೆಚ್ಚು ಹೊತ್ತು ಅಲ್ಲಿ ನಿಲ್ಲದೆ ಡೇನಿಯಲ್‌ನ ಕೋಣೆಗೆ ಹೋದಳು.

ಡೇನಿಯಲ್ ಅರವತ್ತರ ಆಸುಪಾಸಿನವನು, ಬ್ಯಾಟರ್ ಹಿಂದೆ ಕುಕ್ಕರಗಾಲಿನಲ್ಲಿ ಕೂತು ಚೆಂಡು ಹಿಡಿಯುವ ಕ್ಯಾಚರ್ ಆಗಿದ್ದವನು, ಎರಡೂ ಮಂಡಿ ಕೆಟ್ಟವನು. ಅವಳು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, "ನನಗೆ ಒಂದು ಮಾತು ಬೇಕು. ಆಡಿಸಲೋ ಬೇಡವೋ?" ಎಂದ.

"ಬೇಡ."

"ಖಚಿತವಾಗಿ?"

"ಖಚಿತ ಅಂತ ಹೇಳಲಾರೆ. ಬೇಡ ಅಂತ ಹೇಳಬಲ್ಲೆ."

ಡೇನಿಯಲ್ ಟೋಪಿ ತೆಗೆದು ಬೋಳು ತಲೆಯನ್ನು ಒಮ್ಮೆ ಸವರಿಕೊಂಡ. ಆಮೇಲೆ ಎದ್ದು ಲಾಕರ್ ರೂಮಿಗೆ ಹೋಗಿ ಟೋನಿಯನ್ನು ಕರೆದ. ಬೇಯೋನ್ ಊರಿನ ಟೋನಿ ಸಾಮಾನ್ಯವಾಗಿ ಪಂದ್ಯದ ಕೊನೆಗೆ ಬಂದು ಒಂದೆರಡು ಇನ್ನಿಂಗ್ಸ್ ಎಸೆದು ಹೋಗುವವನು. ಪಂದ್ಯವನ್ನು ತಾನೇ ಆರಂಭಿಸಿ ಅವನಿಗೆ ಎರಡು ವರ್ಷವಾಗಿತ್ತು. "ನೀನು ಎಸೀತೀಯ. ಆದಷ್ಟು ದೂರ ಹೋಗು" ಎಂದಷ್ಟೇ ಡೇನಿಯಲ್ ಹೇಳಿದ. ಟೋನಿ ಶಿವ್ ಕಡೆ ನೋಡಿದ. ಶಿವ್ ಜರ್ಸಿಯ ಮೇಲೆ ಜಾಕೆಟ್ ಹಾಕಿಕೊಂಡು ಡಗೌಟಿನ ತುದಿಯ ಬೆಂಚಿಗೆ ಹೋಗಿ ಕುಳಿತ. ತಹ್ರೀಮ್ ಪಕ್ಕದಲ್ಲಿ ಹಾದುಹೋದಾಗ ತಲೆಯೆತ್ತಲಿಲ್ಲ.

ಸ್ಕೋರ್‌ಬೋರ್ಡಿನ ಮೇಲೆ ಟೋನಿಯ ಹೆಸರು ಬಂದಾಗ ಜನರಲ್ಲಿ ಗುಸುಗುಸು ಎದ್ದಿತು. ಮಾಧವಿ ಎದ್ದು ನಿಂತು ಡಗೌಟಿನ ಕಡೆ ಕೈ ಆಡಿಸಿದರು. ಯಾರೂ ನೋಡಲಿಲ್ಲ. ಬ್ಯಾಟರ್ ನಿಲ್ಲುವ ಜಾಗದ ನೇರ ಹಿಂದೆ, ವೇಗ ಅಳೆಯುವ ಗನ್ ಹಿಡಿದು ಕುಳಿತಿದ್ದ ತೈವಾನಿನ ಮನುಷ್ಯ ಕೈಯಲ್ಲಿದ್ದ ಹಾಳೆಯನ್ನೂ ಬೋರ್ಡನ್ನೂ ನೋಡಿ, ಪಕ್ಕದವರನ್ನು ಏನೋ ಕೇಳಿ, ಎದ್ದು ಹೋಗುವವನಂತೆ ಅರ್ಧ ಎದ್ದು, ಮತ್ತೆ ಕುಳಿತ.

ಟೋನಿ ಮೊದಲ ಇನ್ನಿಂಗ್ಸಿನಲ್ಲೇ ಒಂದು ರನ್ ಬಿಟ್ಟುಕೊಟ್ಟ. ಎರಡನೆಯದರಲ್ಲಿ, ರನ್ನಿಗಾಗಿ ಓಡುವವರು ಒಂದೊಂದಾಗಿ ದಾಟಬೇಕಾದ ಮೂರು ಬೇಸ್‌ಗಳಲ್ಲೂ ಪೈಲಟ್ಸ್ ಆಟಗಾರರು ಬಂದು ನಿಂತರು. ಇನ್ನೊಂದು ಹೊಡೆತ ಬಿದ್ದಿದ್ದರೆ ಪಂದ್ಯ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಮುಂದಿನ ಬ್ಯಾಟರ್ ಹೊಡೆದ ಚೆಂಡು ನೇರವಾಗಿ ಟೋನಿಯ ಗ್ಲೌಸಿಗೇ ಬಂದು ಆ ಇನ್ನಿಂಗ್ಸ್ ಮುಗಿಯಿತು. ಅಲ್ಲಿಂದ ಮುಂದೆ ಅವನಿಗೆ ಏನಾಯಿತೆಂದು ಅವನೂ ಆಮೇಲೆ ವಿವರಿಸಲಾರದೆ ಹೋದ. ಮೂರು, ನಾಲ್ಕು, ಐದು, ಆರು. ಇನ್ನಿಂಗ್ಸ್ ಉರುಳಿದವು, ಪೈಲಟ್ಸ್ ತಂಡದ ಒಬ್ಬನೂ ಎರಡನೇ ಬೇಸ್ ಮುಟ್ಟಲಿಲ್ಲ. ಆರರಲ್ಲಿ ಹೆರಾನ್ಸ್ ಎರಡು ರನ್ ಗಳಿಸಿತು. ಎಂಟನೆಯದರ ನಡುವೆ ಡೇನಿಯಲ್ ಅವನನ್ನು ಕರೆಸಿಕೊಂಡಾಗ ಇಡೀ ಸ್ಟೇಡಿಯಂ ಎದ್ದು ನಿಂತು ಚಪ್ಪಾಳೆ ತಟ್ಟಿತು. ಆಮೇಲೆ ಬಂದ ಪಿಚರ್ ಕೊನೆಯವರೆಗೆ ರನ್ ಬಿಟ್ಟುಕೊಡಲಿಲ್ಲ. ಎರಡು ಒಂದು. ಹೆರಾನ್ಸ್ ಚಾಂಪಿಯನ್.

ಆಟಗಾರರು ಮೈದಾನದ ನಡುವೆ ಒಬ್ಬರ ಮೇಲೊಬ್ಬರು ಬಿದ್ದು ಕುಣಿದರು. ಶಿವ್ ಕೂಡ ಹೋದ. ಟೋನಿಯನ್ನು ಅಪ್ಪಿಕೊಂಡ, ಟ್ರೋಫಿ ಕೈಯಿಂದ ಕೈಗೆ ದಾಟುವಾಗ ಅದನ್ನು ಹಿಡಿದು ಫೋಟೋಗೆ ನಿಂತ. ನೋಡಿದವರು ಅವನಿಗೇನೂ ಅನ್ನಿಸಿಲ್ಲ ಎಂದುಕೊಳ್ಳಬಹುದಿತ್ತು. ತೈವಾನಿನ ಮನುಷ್ಯ ಮೆಟ್ಟಿಲಿಳಿದು ಬಂದು ಟೋನಿಯ ಕೈ ಕುಲುಕಿ ಬಹಳ ಹೊತ್ತು ಮಾತಾಡಿದ. ಅಕ್ಟೋಬರಿನಲ್ಲಿ ಟೋನಿ ಆ ಕ್ಲಬ್ಬಿಗೆ ಸಹಿ ಹಾಕಿದ ಸುದ್ದಿ ಬಂತು.

ಆ ದಿನ ತಹ್ರೀಮ್‌ಳನ್ನು ಯಾರೂ ಬಯ್ಯಲಿಲ್ಲ. ಗೆದ್ದಿದ್ದರಲ್ಲ. ಆದರೆ ಲಾಕರ್ ರೂಮು ಖಾಲಿ ಮಾಡುವಾಗ ಒಬ್ಬಿಬ್ಬರು ಅವಳಿಗೆ ಹೋಗಿಬರುತ್ತೇನೆಂದು ಹೇಳದೆ ಹೋದರು. ಭುಜ ಹೇಗಿದೆ ಎಂದು ಅವಳು ಕೇಳಿದಾಗ ಇನ್ನೊಬ್ಬ ಬೇಕೆಂದೇ ಜೋರಾಗಿ, "ಗ್ರೇಟ್! ನನಗೆ ಯಾವಾಗಲೂ ಗ್ರೇಟ್!" ಎಂದ. ಸುತ್ತ ಇದ್ದವರು ನಕ್ಕರು. ಇನ್ನು ಯಾರೂ ತನಗೆ ನೋವು ಹೇಳಿಕೊಳ್ಳುವುದಿಲ್ಲ ಎಂದು ಅವಳಿಗೆ ಅರ್ಥವಾಯಿತು.

ಚಳಿಗಾಲದಲ್ಲಿ ಅವಳು ಒಂದು ಫಿಸಿಕಲ್ ಥೆರಪಿ ಕ್ಲಿನಿಕ್‌ನಲ್ಲಿ ಕೆಲಸ ಮಾಡುತ್ತಿದ್ದಳು. ಕಾರು ಸಿಗ್ನಲ್ಲಿನಲ್ಲಿ ನಿಂತಾಗ ಕೆಲವೊಮ್ಮೆ ಪಾರ್ಕಿಂಗ್ ಚೀಟಿಯನ್ನು ತನ್ನ ಎರಡು ಬೆರಳ ನಡುವೆ ಇಟ್ಟು ಎಳೆದು ನೋಡಿಕೊಳ್ಳುವಳು. ಎಷ್ಟು ಸಡಿಲವಿತ್ತು ಅವನ ಹಿಡಿತ? ಅಷ್ಟು ಸಡಿಲವಿತ್ತೇ? ಅಪ್ಪ ಪೀರ್ ಅಹ್ಮದ್ ಒಮ್ಮೆ ಊಟದ ಹೊತ್ತಿಗೆ, ಕಪ್ ಗೆದ್ದ ಮೇಲೂ ಯಾಕೆ ಹೀಗೆ ಮಂಕಾಗಿದ್ದೀಯ ಎಂದು ಕೇಳಿದರು. ಸುಸ್ತು ಎಂದಳು.

ನವೆಂಬರಿನ ಒಂದು ಶನಿವಾರ ಕೆಂಡಲ್ ಪಾರ್ಕಿನ ಇಂಡಿಯನ್ ಅಂಗಡಿಯಲ್ಲಿ ಅವಳು ಕೊತ್ತಂಬರಿ ಆರಿಸುತ್ತಿದ್ದಾಗ ಪಕ್ಕದಲ್ಲಿ ಯಾರೋ ಬಂದು ನಿಂತರು. ಮಾಧವಿ. ಇಬ್ಬರೂ ಒಂದು ಕ್ಷಣ ಕೊತ್ತಂಬರಿಯನ್ನೇ ನೋಡಿದರು.

"ನಿನ್ನ ಹತ್ರ ಮಾತಾಡ್ಬೇಕಿತ್ತು ಕಣಮ್ಮ" ಎಂದರು ಮಾಧವಿ.

"ಹೇಳಿ ಆಂಟಿ."

"ಇಲ್ಲಿ ಬೇಡ. ಆಚೆ ಬಾ."

ಬಿಲ್ ಮಾಡಿಸಿಕೊಂಡು ಪಾರ್ಕಿಂಗ್ ಲಾಟಿಗೆ ಬಂದರು. ಗಾಳಿ ಜೋರಾಗಿತ್ತು. ಮಾಧವಿ ಕಾರಿನ ಡಿಕ್ಕಿ ತೆರೆದು ಚೀಲಗಳನ್ನು ಒಳಗಿಟ್ಟು, ಮುಚ್ಚದೆ ಹಾಗೇ ನಿಂತರು.

"ರಿಪೋರ್ಟ್ ಎಲ್ಲ ಬಂತು. ಲಿಗಮೆಂಟ್ ಚೆನ್ನಾಗಿದೆಯಂತೆ. ನರ ಸ್ವಲ್ಪ ಊದ್ಕೊಂಡಿತ್ತಂತೆ ಅಷ್ಟೇ. ರೆಸ್ಟ್ ತಗೊಂಡ, ಜೋಮೂ ಹೋಯ್ತು. ಆಪರೇಷನ್ ಬೇಡ, ಏನೂ ಬೇಡ ಅಂದ್ರು."

"ಒಳ್ಳೇದಾಯ್ತು ಆಂಟಿ."

"ಒಳ್ಳೇದೇ, ಇಲ್ಲ ಅನ್ನಲ್ಲ. ಅವತ್ತು ಆಡಿದ್ದಿದ್ರೆ ಏನಾಗ್ತಿತ್ತು ಅಂತ ಡಾಕ್ಟರನ್ನ ಕೇಳ್ದೆ. ಏನೂ ಆಗ್ತಿರ್ಲಿಲ್ವೇನೋ, ಆಗ್ಲೂಬಹುದಿತ್ತು, ಹೇಳಕ್ಕಾಗಲ್ಲ ಅಂದ್ರು. ಅದೊಂದು ಉತ್ತರಾನಾ? ನೀನು ಹೇಳು. ಅವನು ಆಡಬಹುದಿತ್ತಾ ಇಲ್ವಾ?"

ತಹ್ರೀಮ್‌ಗೆ ಈ ಪ್ರಶ್ನೆ ಹೊಸದಾಗಿರಲಿಲ್ಲ. "ಆಡಬಹುದಿತ್ತೇನೋ ಆಂಟಿ" ಎಂದಳು.

ಮಾಧವಿ ಇಂಥ ಉತ್ತರವನ್ನು ನಿರೀಕ್ಷಿಸಿರಲಿಲ್ಲ. ವಾದಕ್ಕೆ ತಯಾರಾಗಿ ಬಂದವರಿಗೆ ಎದುರಿಗೆ ವಾದವೇ ಇಲ್ಲದೆ ಹೋದಂತೆ ಆಯಿತು. "ಮತ್ತೆ ಯಾಕಮ್ಮ ತಡೆದೆ?" ಎಂದರು, ದನಿ ತಗ್ಗಿಸಿ.

"ಕೈಯಲ್ಲಿ ಹಿಡಿತ ಇರ್ಲಿಲ್ಲ. ಅವತ್ತು ನನಗೆ ಗೊತ್ತಿದ್ದಿದ್ದು ಅಷ್ಟೇ. ನಾಳೆ ರಿಪೋರ್ಟಲ್ಲಿ ಏನು ಬರುತ್ತೆ ಅಂತ ಗೊತ್ತಿರ್ಲಿಲ್ಲ."

"ಅವನ ಅಪ್ಪ ತೀರಿಕೊಂಡಾಗಲೂ ಆಟ ಬಿಡ್ಲಿಲ್ಲ ಅವನು. ಎಲ್ರೂ ಬಿಡು, ಕೆಲಸ ನೋಡ್ಕೋ ಅಂದ್ರು. ನಾನೊಬ್ಬಳು ಆಡು ಅಂದೆ. ಈಗ ಬೇರೆ ಯಾರೋ ಹೋಗ್ತಾನೆ ತೈವಾನಿಗೆ." ಮಾಧವಿ ಡಿಕ್ಕಿಯ ಬಾಗಿಲಿಗೆ ಕೈಯಿಟ್ಟರು. "ನಮ್ಮವನು ಅಂತಾನಾದ್ರೂ..." ಎಂದರು.

"ನಮ್ಮವನು ಅಂತ ಒಂದು ಗಳಿಗೆ ಸುಮ್ಮನಿದ್ದುಬಿಡೋಣ ಅನ್ನಿಸಿತ್ತು ಆಂಟಿ. ನೀವೂ ಅಲ್ಲೇ ಕೂತಿದ್ರಿ, ಕಾಣಿಸ್ತಾ ಇದ್ರಿ. ಇನ್ನೂ ಸ್ವಲ್ಪ ಹೊತ್ತು ನಿಂತಿದ್ರೆ ಹೇಳ್ತಿರ್ಲಿಲ್ಲ. ಅದಕ್ಕೇ ಬೇಗ ಹೋಗಿ ಹೇಳಿಬಿಟ್ಟೆ."

ಮಾಧವಿ ಚೀಲಗಳನ್ನು ಇನ್ನಷ್ಟು ಒಳಕ್ಕೆ ತಳ್ಳಿದರು. ಕೋಪ ಹೋಗಿರಲಿಲ್ಲ, ಆದರೆ ಅದನ್ನು ಎಲ್ಲಿಡುವುದೆಂದು ಈಗ ಅವರಿಗೆ ತಿಳಿಯುತ್ತಿರಲಿಲ್ಲ. ಡಿಕ್ಕಿ ಮುಚ್ಚಿದರು.

"ಅಪ್ಪ ಅಮ್ಮ ಚೆನ್ನಾಗಿದಾರಾ?"

"ಚೆನ್ನಾಗಿದಾರೆ ಆಂಟಿ."

"ಹ್ಞೂಂ. ಬರ್ತೀನಿ" ಎಂದು ಕಾರು ಹತ್ತಿದರು.

ಶಿವ್ ಮರುವರ್ಷ ಹೆರಾನ್ಸ್‌ಗೆ ಬರಲಿಲ್ಲ. ಡೇನಿಯಲ್ ಎರಡು ಸಲ ಫೋನ್ ಮಾಡಿದ. ಮೂರನೇ ಸಲ ಮಾಡುವ ಮೊದಲೇ ಶಿವ್ ಹಡ್ಸನ್ ಪೈಲಟ್ಸ್ ಸೇರಿದ ಸುದ್ದಿ ಬಂತು. ಬೇರೆ ದೇಶದಿಂದ ಯಾವ ಕರೆಯೂ ಬಂದಿರಲಿಲ್ಲ. ತಹ್ರೀಮ್ ಮಾತ್ರ ಹೆರಾನ್ಸ್‌ನಲ್ಲೇ ಮುಂದುವರಿದಳು. ಹೊಸ ಆಟಗಾರರು ಬಂದರು, ಹಳಬರು ಅವರಿಗೆ ಅವಳ ಬಗ್ಗೆ ಏನೋ ಹೇಳಿದ್ದರು. ಟ್ರೈನಿಂಗ್ ರೂಮಿನಲ್ಲಿ ಎಲ್ಲರೂ ನಯವಾಗಿ ಮಾತಾಡುತ್ತಿದ್ದರು, ಯಾರೂ ಏನನ್ನೂ ಹೇಳುತ್ತಿರಲಿಲ್ಲ. ಅವಳು ಅವರ ನಡಿಗೆ ನೋಡಿ, ಚೆಂಡು ಎತ್ತಿಕೊಳ್ಳಲು ಬಗ್ಗುವ ರೀತಿ ನೋಡಿ, ಎಲ್ಲಿ ನೋವಿದೆಯೆಂದು ಊಹಿಸಬೇಕಾಯಿತು.

ಮೇ ಕೊನೆಯಲ್ಲಿ ಪೈಲಟ್ಸ್ ಬಂದರು. ಭಾನುವಾರದ ಮಧ್ಯಾಹ್ನದ ಪಂದ್ಯಕ್ಕೆ ಶಿವ್ ಎಸೆದ. ತಹ್ರೀಮ್ ಡಗೌಟಿನಿಂದ ಅವನ ಎಡಗೈಯನ್ನೇ ನೋಡುತ್ತಿದ್ದಳು. ಪ್ರತಿ ಇನ್ನಿಂಗ್ಸ್ ಮುಗಿದಾಗ ಅವನು ಕೈ ಕೊಡವುತ್ತಾನೋ, ಬೆರಳು ಮಡಿಸಿ ಬಿಡಿಸುತ್ತಾನೋ ಎಂದು ಕಾದಳು. ಏನೂ ಇಲ್ಲ. ಚೆಂಡು ಅವನು ಹೇಳಿದಲ್ಲಿಗೆ ಹೋಗುತ್ತಿತ್ತು. ಅವನ ಮುಂದೆ ಹೆರಾನ್ಸ್ ಆಟ ನಡೆಯಲಿಲ್ಲ. ಮಾಧವಿ ಈಗ ಎದುರು ಕಡೆಯ ಸೀಟುಗಳಲ್ಲಿದ್ದರು. ತಹ್ರೀಮ್‌ಗೆ ಸೋಲಿನ ಬೇಸರ ಆಗಬೇಕಿತ್ತು, ಆದದ್ದು ಸಮಾಧಾನ. ಅದರ ಹಿಂದೆಯೇ, ಈ ಕೈ ಅವತ್ತೂ ಹೀಗೇ ಇದ್ದಿರಬಹುದೇ ಎಂಬ ಹಳೆಯ ಪ್ರಶ್ನೆ. ಎರಡೂ ಒಟ್ಟಿಗೆ ಇದ್ದವು.

ಪಂದ್ಯ ಮುಗಿದ ಮೇಲೆ ಎರಡೂ ತಂಡಗಳ ಲಾಕರ್ ರೂಮುಗಳ ನಡುವಿನ ಓಣಿಯಲ್ಲಿ ಅವಳು ಐಸ್ ಡಬ್ಬ ಎಳೆದುಕೊಂಡು ಹೋಗುತ್ತಿದ್ದಳು. ಶಿವ್ ಎದುರಿಗೆ ಬಂದ. ಭುಜಕ್ಕೆ ಐಸ್ ಕಟ್ಟಿಕೊಂಡಿದ್ದ.

"ಚೆನ್ನಾಗಿ ಎಸೆದೆ" ಎಂದಳು.

"ಥ್ಯಾಂಕ್ಸ್."

ಅವನು ದಾಟಿ ನಾಲ್ಕು ಹೆಜ್ಜೆ ಹೋಗಿ ನಿಂತ. ಹಿಂದಿರುಗಿ, ಇಂಗ್ಲಿಷ್ ಬಿಟ್ಟು, ಅಮ್ಮನಿಂದ ಕೇಳಿ ಕಲಿತ ಮುರುಕು ಕನ್ನಡದಲ್ಲಿ ಹೇಳಿದ. ಓಣಿಯಲ್ಲಿ ಬೇರೆಯವರಿದ್ದರು, ಅವರಿಗೆ ತಿಳಿಯದಿರಲೆಂದು ಇರಬೇಕು.

"ನಿಮ್ಮ ಸೆಂಟರ್‌ಫೀಲ್ಡರ್. ಎಡಗಾಲು. ಸರಿ ಇಲ್ಲ. ಓಡುವಾಗ... ಹೈಡ್ ಮಾಡ್ತಾನೆ. ಐದನೇ ಇನ್ನಿಂಗ್ಸಿಂದ ನೋಡ್ತಾ ಇದ್ದೆ."

"ನನಗೆ ಕಾಣಲಿಲ್ಲ" ಎಂದಳು ತಹ್ರೀಮ್.

"ನಿನಗೆ ಕಾಣಲ್ಲ. ನಿನ್ನ ಮುಂದೆ ಹುಷಾರು. ನಂಗೆ ಗೊತ್ತು, ಹೇಗೆ ಮಾಡೋದು ಅಂತ." ಅವನು ನಗಲಿಲ್ಲ. "ಅವನಿಗೆ ನಾನು ಹೇಳಿದೆ ಅನ್ನಬೇಡ."

"ಅನ್ನಲ್ಲ."

ಅವನು ತಲೆಯಾಡಿಸಿ ತನ್ನ ತಂಡದ ಬಾಗಿಲಿನೊಳಗೆ ಹೋದ. ತಹ್ರೀಮ್ ಐಸ್ ಡಬ್ಬವನ್ನು ಗೋಡೆಗೆ ಒರಗಿಸಿ ಲಾಕರ್ ರೂಮಿಗೆ ಹೋದಳು. ಮೈದಾನದ ದೂರದ ನಡುಭಾಗದಲ್ಲಿ ಫೀಲ್ಡ್ ಮಾಡುವ ಆ ಸೆಂಟರ್‌ಫೀಲ್ಡರ್ ಹುಡುಗ ಹೊಸಬ, ಜೂನ್ ಬಂದರೆ ತನ್ನನ್ನು ಯಾವುದಾದರೂ ದೊಡ್ಡ ಕ್ಲಬ್ಬು ಕರೆಯುತ್ತದೆಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದವನು. ಬೂಟು ಬಿಚ್ಚು ಎಂದಳು. ಯಾಕೆ ಎಂದ. ಬಿಚ್ಚು ಎಂದಳು. ಹಿಮ್ಮಡಿಯ ಮೇಲೆ ಊತ ನಿಂಬೆಹಣ್ಣಿನಷ್ಟಾಗಿತ್ತು. ಅವಳು ಡೇನಿಯಲ್‌ಗೆ ಹೇಳಿದಳು. ಹುಡುಗ ಎರಡು ವಾರ ಬೆಂಚಿನ ಮೇಲೆ ಕುಳಿತ. ಮೊದಲ ವಾರ ಅವಳೊಡನೆ ಒಂದು ಮಾತನ್ನೂ ಆಡಲಿಲ್ಲ.